ಮಾರುವವನ ಎಚ್ಚರ: ನಾಣಕಪರೀಕ್ಷೆಯಿಂದ ಯು.ಪಿ.ಐ. ವರೆಗೆ

ವ್ಯಾಪಾರದಲ್ಲಿ ಮೋಸವೆಂದೊಡನೆ ನಮ್ಮ ಮನಸ್ಸಿಗೆ ಮೊದಲು ಬರುವವನು ಮಾರುವವನೇ. ಹಾಲಿಗೆ ನೀರು ಬೆರಸುವವನು, ತೂಕದಲ್ಲಿ ಕಡಮೆಮಾಡುವವನು, ಹಳೆಯದಕ್ಕೆ ಬಣ್ಣ ಬಳಿದು ಹೊಸದೆಂದು ಹೇಳುವವನು, ಇವರ ಕಥೆಗಳು ಇಲ್ಲದ ಊರಿಲ್ಲ. ಕೊಳ್ಳುವವನಿಂದ ಮಾರುವವನಿಗೆ ಆಗುವ ಮೋಸ ಮಾತ್ರ ಅಷ್ಟಾಗಿ ವಿಚಾರಕ್ಕೆ ಬಂದಿಲ್ಲ. ಇದಕ್ಕೆ ಕಾರಣವುಂಟು. ಮಾರುವವನು ಬಹುಕಾಲ ವರ್ತಕನೇ ಆಗಿದ್ದನು; ತನ್ನ ಹಣವನ್ನು ಕಾಪಾಡಿಕೊಳ್ಳುವ ವಿದ್ಯೆ ಅವನಿಗೆ ಅಂಗಡಿಯ ಮಣೆಯ ಮೇಲೆಯೇ, ತಂದೆಯಿಂದ ಮಗನಿಗೆ ಎಂಬಂತೆ ಬಂದಿರುತ್ತಿತ್ತು. ಈಚಿನ ಇಪ್ಪತ್ತು ವರುಷಗಳಲ್ಲಿ ಈ ಸ್ಥಿತಿ ಬದಲಾಯಿಸಿತು. ಹಳೆಯ ಮಂಚ, ಮಗುವಿನ ಸೈಕಲ್ಲು, ಓದಿ ಮುಗಿದ ಪುಸ್ತಕಗಳು ಇವನ್ನು ಅಂತರ್ಜಾಲದಲ್ಲಿ ಮಾರಾಟಕ್ಕಿಡುವ ಗೃಹಸ್ಥರೂ ಗೃಹಿಣಿಯರೂ ಈಗ ಮಾರುವವರಾಗಿದ್ದಾರೆ. ವರ್ತಕರ ಆ ಪರಂಪರೆ ಅವರಿಗೆ ದೊರೆತಿಲ್ಲ. ಆದುದರಿಂದ ಮಾರುವವನ ಎಚ್ಚರಿಕೆಯು ನಮ್ಮ ದೇಶದಲ್ಲಿ ಹೇಗೆ ಬೆಳೆದುಬಂದಿತೆಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸುವುದು ಅಪ್ರಸ್ತುತವಾಗಲಾರದು.

ಮೊದಲೇ ಒಂದು ಮಾತನ್ನು ಹೇಳಿಬಿಡಬೇಕು. ಸರಕು ಕೈಬಿಡುವ ಕ್ಷಣವೂ ಹಣ ಕೈಸೇರುವ ಕ್ಷಣವೂ ಒಂದೇ ಆಗಿದ್ದರೆ ಮಾರುವವನು ಹೆದರಬೇಕಾದುದು ಒಂದಕ್ಕೆ ಮಾತ್ರ: ಕೈಗೆ ಬಂದುದು ನಿಜವಾದ ಹಣವೋ ಅಲ್ಲವೋ ಎಂಬುದಕ್ಕೆ. ಈ ಎರಡು ಕ್ಷಣಗಳ ನಡುವೆ ಕಾಲವೋ ದೂರವೋ ಹೊಕ್ಕಿತೆಂದರೆ ಎರಡನೆಯ ಭಯ ಹುಟ್ಟುತ್ತದೆ. ಮಾರುವವನ ರಕ್ಷಣೆಗಾಗಿ ಹುಟ್ಟಿದ ಉಪಾಯಗಳೆಲ್ಲವೂ ಈ ಎರಡರಲ್ಲಿ ಒಂದಕ್ಕೆ ಉತ್ತರವಾಗಿವೆ.

ಮೊದಲನೆಯ ಭಯವೇ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರೂಪದರ್ಶಕನೆಂಬ ಅಧಿಕಾರಿಯೊಬ್ಬನು ಬರುತ್ತಾನೆ. (ಈ ಗ್ರಂಥದ ತಾಳೆಗರಿಯ ಪ್ರತಿಯನ್ನು ೧೯೦೫ರಲ್ಲಿ ಗುರುತಿಸಿ ೧೯೦೯ರಲ್ಲಿ ಅಚ್ಚುಹಾಕಿಸಿದವರು ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳೆಂಬುದು ವಾಚಕರಿಗೆ ತಿಳಿದೇ ಇದೆ.) ಜನರ ವ್ಯವಹಾರದಲ್ಲಿ ಓಡಾಡುವ ನಾಣ್ಯವನ್ನೂ ರಾಜನ ಬೊಕ್ಕಸಕ್ಕೆ ಸಲ್ಲತಕ್ಕ ನಾಣ್ಯವನ್ನೂ ನೋಡಿ ಒಪ್ಪುವುದು ಇವನ ಕೆಲಸ. ಪರೀಕ್ಷೆಯ ಕೂಲಿ ನೂರಕ್ಕೆ ಎಂಟನೆಯ ಒಂದು ಭಾಗ. ಒಳ್ಳೆಯ ಪಣವನ್ನು ಕೆಟ್ಟದೆಂದರೆ ಅವನಿಗೆ ದಂಡ. ಇವೆಲ್ಲ ಸಹಜವಾದ ನಿಯಮಗಳೇ. ಆದರೆ ಮುಂದಿನ ನಿಯಮ ಯೋಚಿಸತಕ್ಕದ್ದಾಗಿದೆ. ಖೋಟಾ ನಾಣ್ಯವನ್ನು ಮಾಡಿಸಿದವನಿಗೂ, ಅದನ್ನು ಪಡೆದವನಿಗೂ, ದಾಟಿಸಿದವನಿಗೂ ಒಂದೇ ಶಿಕ್ಷೆ, ಸಾವಿರ ಪಣ. ಬೊಕ್ಕಸಕ್ಕೆ ಹಾಕಿದವನಿಗಾದರೋ ವಧೆ. ಪಡೆದವನಿಗೂ ಸಾವಿರ ಪಣವೆಂಬ ಮಾತು ಅಂಗಡಿಯವನನ್ನು ಎಷ್ಟು ಎಚ್ಚರದಲ್ಲಿಟ್ಟಿದ್ದೀತೆಂಬುದನ್ನು ಊಹಿಸಬಹುದು.

ಯಾಜ್ಞವಲ್ಕ್ಯಸ್ಮೃತಿಯಲ್ಲಿಯೂ ಇದೇ ಅಧಿಕಾರಿಯುಂಟು. ಅಲ್ಲಿ ಅವನ ಹೆಸರು ನಾಣಕಪರೀಕ್ಷಿ. ನಮ್ಮ ‘ನಾಣ್ಯ’ವು ಈ ನಾಣಕದ ಬಳಗದ ಶಬ್ದ. ಸಾಚಾ ನಾಣ್ಯವನ್ನು ಖೋಟಾ ಎಂದೂ ಖೋಟಾ ನಾಣ್ಯವನ್ನು ಸಾಚಾ ಎಂದೂ ಹೇಳುವ ಪರೀಕ್ಷಕನಿಗೆ ಸ್ಮೃತಿಕಾರನು ಅತ್ಯುನ್ನತವಾದ ದಂಡವನ್ನು, ಎಂದರೆ ಉತ್ತಮಸಾಹಸವನ್ನು ವಿಧಿಸಿದ್ದಾನೆ. ಈ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯೆಯನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಲ್ಯಾಣನಗರದಲ್ಲಿದ್ದವನಾದುದರಿಂದ ಈ ವಿಚಾರಗಳು ನಮ್ಮ ನಾಡಿಗೆ ಹೊರಗಿನವಲ್ಲ.

ಎರಡನೆಯ ಭಯಕ್ಕೆ ಸ್ಮೃತಿಕಾರರು ಕಂಡುಕೊಂಡ ಉಪಾಯಕ್ಕೆ ‘ಸತ್ಯಂಕಾರ’ವೆಂದು ಹೆಸರು. ಕ್ರಯವಿಕ್ರಯದ ಮಾತು ಮುರಿಯದಂತೆ ಒಬ್ಬನು ಇನ್ನೊಬ್ಬನ ಕೈಯಲ್ಲಿ ಉಂಗುರ ಮುಂತಾದ ಒಂದು ವಸ್ತುವನ್ನು ಇಡುವುದು. ಇಟ್ಟವನೇ ಮಾತಿಗೆ ತಪ್ಪಿದರೆ ಆ ವಸ್ತುವನ್ನು ಕಳೆದುಕೊಳ್ಳುತ್ತಾನೆ. ಪಡೆದವನು ತಪ್ಪಿದರೆ ಎರಡರಷ್ಟನ್ನು ಹಿಂದಕ್ಕೆ ಕೊಡಬೇಕು. ಮಿತಾಕ್ಷರದ ವಿವರಣೆಯು ಇಷ್ಟು ಸರಳವಾಗಿದೆ. ಕೊಳ್ಳುವವನ ಕಡೆಯಿಂದ ಏನಾದರೊಂದು ಮೊದಲೇ ಮಾರುವವನ ಕೈಸೇರಿದ್ದರೆ ಅವನ ಮಾತಿಗೆ ತೂಕ ಬರುತ್ತದೆಂಬುದು ಇದರ ತತ್ತ್ವ. ಕನ್ನಡದಲ್ಲಿ ಮುಂಗಡ ಹಣಕ್ಕೆ ‘ಸಂಚಕಾರ’ವೆಂಬ ಹೆಸರುಂಟಷ್ಟೆ, ಅದು ಈ ಸತ್ಯಂಕಾರದ ತದ್ಭವವೆಂದೇ ತೋರುತ್ತದೆ. ಆದರೆ ಇಂದಿನ ಮಾತಿನಲ್ಲಿ ‘ಜೀವಕ್ಕೆ ಸಂಚಕಾರ’ವೆಂದರೆ ಜೀವಕ್ಕೆ ಅಪಾಯವೆಂದು ಅರ್ಥ. ಭರವಸೆಯ ಶಬ್ದವು ಅಪಾಯದ ಶಬ್ದವಾದುದು ಹೇಗೆಂಬುದನ್ನು ಶಬ್ದಶಾಸ್ತ್ರಜ್ಞರು ಹೇಳಬೇಕು. ನಮ್ಮ ಕಾಲದ ಮೋಸಗಾರರು ಈ ಎರಡರ್ಥಗಳನ್ನೂ ಒಂದೇ ವ್ಯವಹಾರದಲ್ಲಿ ಕೂಡಿಸಿರುವುದನ್ನು ಮುಂದೆ ನೋಡುವೆವು.

ದೂರದೂರದ ಪೇಟೆಗಳ ನಡುವಣ ವ್ಯಾಪಾರದಲ್ಲಿ ಉಂಗುರದಿಂದ ಕೆಲಸ ನಡೆಯದು. ಅಲ್ಲಿ ಬೆಳೆದುದು ಹುಂಡಿ. ಗುಜರಾತಿ, ಮಾರವಾಡಿ ಸಾಹುಕಾರರ ಮೂಲಕ ನಮ್ಮ ಪೇಟೆಗಳಲ್ಲಿಯೂ ಬಳಕೆಗೆ ಬಂದಿದ್ದ ಈ ಪತ್ರವನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಏಕೆಂದರೆ ಹಣದ ಮೋಸವನ್ನು ತಡೆಯುವ ವಿಷಯದಲ್ಲಿ ಇಷ್ಟು ಯೋಚನೆಮಾಡಿ ರಚಿಸಿದ ಕಾಗದ ಇನ್ನೊಂದಿರಲಾರದು. ತೋರಿಸಿದೊಡನೆ ಹಣ ಕೊಡತಕ್ಕದ್ದು ದರ್ಶನಿ ಹುಂಡಿ. ಇಂತಿಷ್ಟು ದಿವಸಗಳಾದ ಮೇಲೆ ಕೊಡತಕ್ಕದ್ದು ಮುದ್ದತಿ ಹುಂಡಿ. ಹುಂಡಿಯಲ್ಲಿ ಮೊಬಲಗನ್ನು ಒಂದು ಬಾರಿ ಬರೆದು ಬಿಡುತ್ತಿರಲಿಲ್ಲ. ನೂರು ರೂಪಾಯಿ, ಅದರ ಅರ್ಧ ಐವತ್ತು, ಆ ಐವತ್ತರ ಇಮ್ಮಡಿ ಪೂರಾ ಕೊಡತಕ್ಕದ್ದು, ಎಂಬ ರೀತಿಯಲ್ಲಿ ಬರೆಯುತ್ತಿದ್ದರು. ಒಂದು ಸೊನ್ನೆಯನ್ನು ಸೇರಿಸುವವನು ಮೂರು ಕಡೆಗಳಲ್ಲಿ ತಿದ್ದಬೇಕಾಗುತ್ತಿತ್ತು. ಹುಂಡಿ ಕಳೆದುಹೋದರೆ ‘ಪೈಠ್’ ಎಂಬ ಎರಡನೆಯ ಪ್ರತಿ, ಅದೂ ಕಳೆದರೆ ‘ಪರಪೈಠ್’ ಎಂಬ ಮೂರನೆಯ ಪ್ರತಿ. ಒಂದಕ್ಕೆ ಹಣ ಸಂದಿತೆಂದರೆ ಮಿಕ್ಕವು ಬರಿಯ ಕಾಗದ. ಹಣ ಕೊಟ್ಟು ರದ್ದುಮಾಡಿದ ಹುಂಡಿಗೆ ‘ಖೋಖಾ’ ಎಂದು ಹೆಸರು.

ಇವುಗಳಲ್ಲಿ ಶಾಹಜೋಗ್ ಹುಂಡಿಯು ವಿಶೇಷವಾದುದು. ಇದರ ಹಣವನ್ನು ಸಿಕ್ಕಿದವನಿಗೆಲ್ಲ ಕೊಡಲಾಗದು. ಪೇಟೆಯಲ್ಲಿ ಹೆಸರಾದ ಒಬ್ಬ ಸಾಹುಕಾರನ ಕೈಗೇ ಕೊಡಬೇಕು. ಮುಂದೆ ಹುಂಡಿ ಖೋಟಾ ಎಂದು ಕಂಡುಬಂದರೆ ಆ ಸಾಹುಕಾರನು ಹಣವನ್ನು ಬಡ್ಡಿಸಹಿತ ಹಿಂದಕ್ಕೆ ಕೊಡಲು ಬದ್ಧನು. ಎಂದರೆ ಪರಿಚಯವಿಲ್ಲದ ಇಬ್ಬರ ನಡುವೆ ಪರಿಚಯವಿರುವ ಮೂರನೆಯವನೊಬ್ಬನನ್ನು ನಿಲ್ಲಿಸಿದಂತಾಯಿತು. ಸರಕು ದಾರಿಯಲ್ಲಿರುವಾಗ ಬರೆಯುವ ಜೋಖಮಿ ಹುಂಡಿಯಲ್ಲಾದರೋ ಸರಕು ಮುಟ್ಟಿದರೆ ಮಾತ್ರ ಹಣ ಕೊಡಬೇಕೆಂಬ ಕರಾರಿರುತ್ತಿತ್ತು. ಅಂತರ್ಜಾಲದ ಮಾರಾಟದಲ್ಲಿ ಇಂದು ಮೂರನೆಯವರು ಹಣವನ್ನು ಹಿಡಿದಿಟ್ಟುಕೊಂಡು, ಸರಕು ತಲಪಿದ ಮೇಲೆ ಮಾರಿದವನಿಗೆ ಒಪ್ಪಿಸುವ ಏರ್ಪಾಡನ್ನು ಹೊಸದೆಂದು ಭಾವಿಸುವವರು ಈ ಎರಡು ಹುಂಡಿಗಳನ್ನು ಒಟ್ಟಿಗೆ ನೆನೆದುಕೊಳ್ಳಬೇಕು.

ಕಂಪೆನಿ ಸರಕಾರವು ೧೮೩೫ರಲ್ಲಿ ತನ್ನ ಸೀಮೆಗೆಲ್ಲ ೧೮೦ ಗ್ರೇನ್ ತೂಕದ ಒಂದೇ ಬಗೆಯ ರೂಪಾಯಿಯನ್ನು ಗೊತ್ತುಮಾಡಿದ ಮೇಲೆ ಹತ್ತಾರು ಟಂಕಸಾಲೆಗಳ ನಾಣ್ಯಗಳನ್ನು ತೂಗಿ ಒರೆಹಚ್ಚಿ ಬಟ್ಟ ಕಳೆಯುತ್ತಿದ್ದ ಚಿನಿವಾರನ ಕೆಲಸ ಕಡಮೆಯಾಯಿತು. ಆದರೂ ಅಂಗಡಿಯವನು ರೂಪಾಯಿಯನ್ನು ಕಲ್ಲಿನ ಮೇಲೆ ಬಡಿದು ಅದರ ನಾದವನ್ನು ಕೇಳುವುದನ್ನು ಬಿಡಲಿಲ್ಲ. ೧೮೬೧ರ ಶಾಸನದಿಂದ ಸರಕಾರದ ಕಾಗದದ ನೋಟು ಬಂದಾಗ ನಾದವನ್ನು ಕೇಳುವ ಉಪಾಯ ತಪ್ಪಿತು. ನೋಟನ್ನು ಅಂಚೆಯಲ್ಲಿ ಕಳುಹಿಸುವವರು ಅದನ್ನು ಎರಡಾಗಿ ಕತ್ತರಿಸಿ, ಒಂದು ಹೋಳು ಮುಟ್ಟಿದ ಸುದ್ದಿ ಬಂದ ಮೇಲೆ ಇನ್ನೊಂದನ್ನು ಕಳುಹಿಸುವ ಪದ್ಧತಿಯೂ ಬಹುಕಾಲ ನಡೆಯಿತು.

ನಮ್ಮ ತಂದೆತಾತಂದಿರು ಬಲ್ಲ ಉಪಾಯವೆಂದರೆ ಅಂಚೆಯ ವಿ.ಪಿ. ಭಾರತದ ಅಂಚೆಯ ಇಲಾಖೆಯು ಇದನ್ನು ೧೮೭೭ರಲ್ಲಿ ಆರಂಭಿಸಿತು. ಮನಿಯಾರ್ಡರಿನ ಕೆಲಸವನ್ನು ೧೮೮೦ರಲ್ಲಿ ಕೈಗೊಂಡಿತು. ಮಾರುವವನು ಕಟ್ಟನ್ನು ಅಂಚೆಗೆ ಒಪ್ಪಿಸುವನು. ಪೇದೆ ಅದನ್ನು ಕೊಳ್ಳುವವನ ಮನೆಗೆ ಒಯ್ಯುವನು. ಬೆಲೆಯನ್ನು ತೆತ್ತರೆ ಕಟ್ಟು ಕೈಗೆ, ಇಲ್ಲವಾದರೆ ಹಿಂದಕ್ಕೆ. ಹಣವು ಮನಿಯಾರ್ಡರಾಗಿ ಮಾರಿದವನಿಗೆ ಬರುವುದು. ಸರಕನ್ನು ಕೈಬಿಡುವ ಕ್ಷಣವನ್ನೂ ಹಣ ಪಡೆಯುವ ಕ್ಷಣವನ್ನೂ ಸಾವಿರ ಮೈಲಿ ದೂರದಲ್ಲಿ ಮತ್ತೆ ಒಂದುಗೂಡಿಸಿದ್ದು ಈ ಪದ್ಧತಿಯ ಹಿರಿಮೆ. ಪುಸ್ತಕದಂಗಡಿಯೇ ಇಲ್ಲದ ಊರುಗಳಿಗೆ ಕನ್ನಡ ಪುಸ್ತಕಗಳು ಹೋಗಿ ಸೇರಿದುದು ಬಹುಮಟ್ಟಿಗೆ ಇದರಿಂದಲೇ ಎಂದರೆ ಅತಿಶಯೋಕ್ತಿಯಾಗದು.

ಆದರೆ ಇದರಲ್ಲಿಯೂ ಎರಡು ಕಡೆಯ ಕುಂದುಗಳಿದ್ದುವು. ಕೇಳದೆಯೇ ಕಟ್ಟುಗಳನ್ನು ಕಳುಹಿಸಿ, ಮನೆಯ ಯಜಮಾನರು ಇಲ್ಲದ ವೇಳೆಯಲ್ಲಿ ಹಣ ಕೀಳುವ ಠಕ್ಕರು ಹುಟ್ಟಿಕೊಂಡರು. ಆದುದರಿಂದ ೧೮೯೮ರ ಅಂಚೆ ಶಾಸನದಲ್ಲಿ, ನಿಜವಾಗಿ ಬಂದ ಬೇಡಿಕೆಯ ಮೇರೆಗೆ ಕಳುಹಿಸುತ್ತಿರುವೆನೆಂದು ಕಳುಹಿಸುವವನಿಂದ ಹೇಳಿಕೆ ಪಡೆಯುವ ನಿಯಮಕ್ಕೆ ಅವಕಾಶ ಮಾಡಬೇಕಾಯಿತು. (ಆ ಶಾಸನ ೨೦೨೪ರ ಜೂನ್ ೧೮ರಂದು ರದ್ದಾಗಿ, ೨೦೨೩ರ ಹೊಸ ಅಂಚೆ ಶಾಸನ ಜಾರಿಗೆ ಬಂದಿತು.) ಮಾರುವವನ ಕಷ್ಟ ಬೇರೆ ಬಗೆಯದು. ಬೇಕೆಂದು ಕಾಗದ ಬರೆದವರೇ ಕಟ್ಟು ಬಂದಾಗ ಬೇಡವೆನ್ನುವರು. ಹೋಗಿಬರುವ ಅಂಚೆವೆಚ್ಚ ಮಾರುವವನ ತಲೆಯ ಮೇಲೆ. ವಿ.ಪಿ.ಯನ್ನು ಹಿಂದಿರುಗಿಸಬೇಡಿರೆಂದು ನಮ್ಮ ಮಾಸಪತ್ರಿಕೆಗಳ ವ್ಯವಸ್ಥಾಪಕರು ಚಂದಾದಾರರನ್ನು ಬೇಡಿಕೊಳ್ಳುತ್ತಿದ್ದುದು ಹಳೆಯ ಸಂಚಿಕೆಗಳನ್ನು ತಿರುವಿ ನೋಡಿದವರಿಗೆ ಗೊತ್ತು. ಇದನ್ನು ಮೋಸವೆನ್ನುವುದಕ್ಕಿಂತ ಉಪೇಕ್ಷೆಯೆನ್ನಬಹುದು. ಪತ್ರಿಕೆಗೆ ಆದ ನಷ್ಟವಂತೂ ಒಂದೇ.

ದೊಡ್ಡ ವರ್ತಕರು ರೈಲ್ವೆಯ ರಶೀತಿಯನ್ನು ಬ್ಯಾಂಕಿಗೆ ಕಳುಹಿಸಿ, ಬೆಲೆಯನ್ನು ಕಟ್ಟಿದ ಮೇಲೆಯೇ ಅದನ್ನು ಕೊಳ್ಳುವವನಿಗೆ ಕೊಡಿಸುತ್ತಿದ್ದರು. ೧೯೩೦ರ ಸರಕು ಮಾರಾಟದ ಶಾಸನವು ‘ಬೆಲೆ ಸಲ್ಲದ ಮಾರಾಟಗಾರ’ನೆಂಬವನನ್ನು ನಿರ್ವಚಿಸಿ ಅವನಿಗೆ ಹಕ್ಕುಗಳನ್ನು ಕೊಟ್ಟಿತು: ಸರಕನ್ನು ತಡೆದಿಟ್ಟುಕೊಳ್ಳುವುದು, ಕೊಂಡವನು ದಿವಾಳಿಯಾದರೆ ಮಾರ್ಗಮಧ್ಯದಲ್ಲಿ ನಿಲ್ಲಿಸುವುದು, ಮರಳಿ ಮಾರುವುದು. ಹುಂಡಿಯನ್ನೋ ಚೆಕ್ಕನ್ನೋ ಪಡೆದಮಾತ್ರಕ್ಕೆ ಬೆಲೆ ಸಂದಂತಾಗದು, ಆ ಪತ್ರ ನಿರಾಕೃತವಾದರೆ ಮಾರಿದವನು ಬೆಲೆ ಸಲ್ಲದವನೇ ಸರಿ, ಎಂದು ಅದರ ೪೫ನೆಯ ಸೆಕ್ಷನ್ನು ಸ್ಪಷ್ಟವಾಗಿ ಹೇಳುತ್ತದೆ. ಹಣದ ಗುರುತು ಬೇರೆ, ಹಣ ಬೇರೆ ಎಂಬ ಈ ಭೇದವು ಬಹಳ ಮುಖ್ಯವಾದುದು. ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಕೊಡುವುದು ಅಪರಾಧವೆಂದಾದುದು ೧೮೮೧ರ ಶಾಸನಕ್ಕೆ ೧೯೮೮ರಲ್ಲಿ ೧೩೮ನೆಯ ಸೆಕ್ಷನ್ನನ್ನು ಸೇರಿಸಿದ ಮೇಲೆಯೇ.

ಇನ್ನು ಅಂತರ್ಜಾಲದ ಮಾರಾಟ. ಅಮೆರಿಕದಲ್ಲಿ ೧೯೯೫ರಲ್ಲಿ ಆರಂಭವಾದ ಈಬೇ ಎಂಬ ಹರಾಜಿನ ಪೇಟೆಯು ಮನೆಮಂದಿಯನ್ನು ಮಾರಾಟಗಾರರನ್ನಾಗಿ ಮಾಡಿತು. ಹಣ ಮಾತ್ರ ಚೆಕ್ಕಿನ ಮೂಲಕ ಅಂಚೆಯಲ್ಲಿ ಬರಬೇಕಾಗಿತ್ತು. ಅಲ್ಲಿ ವ್ಯಾಪಿಸಿದ ಒಂದು ಮೋಸ ಹೀಗಿದೆ: ಕೊಳ್ಳುವವನು ಬೆಲೆಗಿಂತ ಹೆಚ್ಚಿನ ಮೊತ್ತದ ಬ್ಯಾಂಕು ಚೆಕ್ಕನ್ನು ಕಳುಹಿಸಿ, ಹೆಚ್ಚಿದ್ದನ್ನು ಸಾಗಣೆಯವನಿಗೆ ಕೊಟ್ಟುಬಿಡಿ ಎನ್ನುವನು. ೧೯೮೭ರ ಶಾಸನವೊಂದರ ಪ್ರಕಾರ ಅಲ್ಲಿನ ಬ್ಯಾಂಕುಗಳು ಚೆಕ್ಕಿನ ಹಣವನ್ನು ಕೆಲವೇ ದಿವಸಗಳಲ್ಲಿ ಖಾತೆದಾರನ ಕೈಗೆ ಸಿಗುವಂತೆ ಮಾಡಬೇಕು. ಚೆಕ್ಕು ಖೋಟಾ ಎಂದು ತಿಳಿಯುವುದಕ್ಕೆ ವಾರಗಳೇ ಹಿಡಿಯಬಹುದು. ಆ ನಡುವೆ ಸರಕೂ ಹೋಗಿರುತ್ತದೆ, ಹೆಚ್ಚಿನ ಹಣವೂ ಹೋಗಿರುತ್ತದೆ. ಗುರುತನ್ನು ಹಣವೆಂದು ಭ್ರಮಿಸಿದುದರ ಫಲವಿದು.

ನಮ್ಮಲ್ಲಿ ೨೦೦೭ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ೨೦೧೦ರಲ್ಲಿ ಬಾಗಿಲಿನಲ್ಲಿ ಹಣ ಪಡೆಯುವ ಕ್ರಮವನ್ನು ತಂದಿತು. ಹಳೆಯ ವಿ.ಪಿ.ಯನ್ನು ಬಲ್ಲವರಿಗೆ ಅದರಲ್ಲಿ ಹೊಸತೇನೂ ಕಾಣದು. ನಿಜವಾಗಿ ಹೊಸದಾದುದು ೨೦೧೬ರ ಏಪ್ರಿಲ್ ೧೧ರಂದು ಉದ್ಘಾಟಿತವಾದ ಯು.ಪಿ.ಐ. ಒಂದು ಖಾತೆಯಿಂದ ಇನ್ನೊಂದಕ್ಕೆ ಹಣವು ಕ್ಷಣಮಾತ್ರದಲ್ಲಿ ಹೋಗುವುದರಿಂದ, ದೂರವಿದ್ದರೂ ಕಾಲದ ಅಂತರವೇ ಇಲ್ಲವಾಯಿತು. ಎರಡು ಭಯಗಳೂ ತೊಲಗಬೇಕಾಗಿತ್ತು. ಹಾಗಾಗಲಿಲ್ಲವೇಕೆ?

ಮಾರುವವನಿಂದಲೇ ಹಣವನ್ನು ಕೀಳುವ ಉಪಾಯವನ್ನು ಮೋಸಗಾರರು ಕಂಡುಕೊಂಡರು. ಪೊಲೀಸರ ಬಳಿಗೆ ಬರುವ ದೂರುಗಳಲ್ಲಿ ಪದೇ ಪದೇ ಕಾಣುವ ಕಥೆಯಿದು. ಗೃಹಸ್ಥರೊಬ್ಬರು ಹಳೆಯ ಸೋಫವನ್ನು ಮಾರಾಟಕ್ಕಿಟ್ಟಿರುತ್ತಾರೆ. ಕೆಲವೇ ನಿಮಿಷಗಳಲ್ಲಿ ಕರೆ ಬರುತ್ತದೆ. ಕರೆದವನು ತಾನು ಸೈನಿಕನೆಂದೂ ದೂರದ ಠಾಣೆಯಲ್ಲಿರುವೆನೆಂದೂ ಹೇಳಿ, ಸಮವಸ್ತ್ರದ ಭಾವಚಿತ್ರವನ್ನೂ ಗುರುತಿನ ಚೀಟಿಯನ್ನೂ ಕಳುಹಿಸುತ್ತಾನೆ. ಚೌಕಾಶಿ ಮಾಡುವುದಿಲ್ಲ, ಸರಕನ್ನು ನೋಡಬೇಕೆನ್ನುವುದೂ ಇಲ್ಲ. (ಹಳೆಯ ಸೋಫಕ್ಕೆ ಚೌಕಾಶಿಯಿಲ್ಲದೆ ಹೇಳಿದ ಬೆಲೆಯನ್ನು ಕೊಡುವವನನ್ನು ಯಾವ ಅಂಗಡಿಯವನು ನಂಬುತ್ತಿದ್ದನು?) ಬಳಿಕ ಒಂದು ಕ್ಯೂ.ಆರ್. ಚಿತ್ರವನ್ನು ಕಳುಹಿಸಿ, ಮೊದಲು ಪರೀಕ್ಷೆಗಾಗಿ ಐದು ರೂಪಾಯಿ, ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ ಎನ್ನುತ್ತಾನೆ. ಐದು ರೂಪಾಯಿ ಹೋಗುತ್ತದೆ. ಒಡನೆಯೇ ಹತ್ತು ರೂಪಾಯಿ ಬರುತ್ತದೆ. ಗೃಹಸ್ಥರಿಗೆ ನಂಬಿಕೆ ಹುಟ್ಟುತ್ತದೆ. ಎರಡನೆಯ ಬಾರಿ ಅದೇ ರೀತಿ ಒತ್ತಿದಾಗ ಹೋಗುವುದು ಹತ್ತು ಸಾವಿರ, ಬರುವುದೇನೂ ಇಲ್ಲ. ತಪ್ಪಾಯಿತು, ಮತ್ತೊಮ್ಮೆ ಒತ್ತಿರಿ, ಎಲ್ಲವೂ ಹಿಂದಕ್ಕೆ ಬರುತ್ತದೆ ಎಂಬ ಮಾತಿಗೆ ಮತ್ತಷ್ಟು ಹೋಗುತ್ತದೆ.

ಆ ಹತ್ತು ರೂಪಾಯಿಯೇ ಸತ್ಯಂಕಾರ, ಅದೇ ಸಂಚಕಾರ. ಎರಡು ಅರ್ಥಗಳು ಕೂಡಿದುವೆಂದು ಮೇಲೆ ಹೇಳಿದುದು ಇದನ್ನೇ. ಸ್ಮೃತಿಕಾಲದ ಉಂಗುರವು ಮಾರುವವನನ್ನು ಕಾಯುತ್ತಿದ್ದುದು ಅದಕ್ಕೆ ಬೆಲೆಯಿದ್ದುದರಿಂದ, ಕೊಟ್ಟವನು ಅದನ್ನು ಕಳೆದುಕೊಳ್ಳಲು ಹಿಂಜರಿಯುತ್ತಿದ್ದುದರಿಂದ. ಹತ್ತು ರೂಪಾಯಿಯನ್ನು ಕಳೆದುಕೊಳ್ಳಲು ಯಾವ ಠಕ್ಕನೂ ಹಿಂಜರಿಯನು.

ಈ ವಂಚನೆಯ ಒಳಗುಟ್ಟು ಬಹು ಚಿಕ್ಕದು. ಯು.ಪಿ.ಐ.ಯಲ್ಲಿ ಪಿನ್ ಎಂಬ ಗುಪ್ತಾಂಕವನ್ನು ಒತ್ತುವುದು ನಮ್ಮ ಖಾತೆಯಿಂದ ಹಣವನ್ನು ಕಳುಹಿಸುವುದಕ್ಕೆ. ಬರುವ ಹಣಕ್ಕೆ ಪಿನ್ ಬೇಡ, ಸ್ಕ್ಯಾನೂ ಬೇಡ, ಸುಮ್ಮನಿದ್ದರೆ ಸಾಕು. ಮನೆಯ ಬೀಗದ ಕೈಯನ್ನು ಹಾಕಿದರೆ ತೆರೆಯುವುದು ನಮ್ಮ ಮನೆಯೇ ಹೊರತು ನೆರೆಯವರ ಮನೆಯಲ್ಲ ಎಂಬಷ್ಟು ಸರಳವಾದ ಈ ಮಾತು ಮನೆಯ ಹಿರಿಯರಿಗೆಲ್ಲ ತಿಳಿದಿದ್ದರೆ ಎಷ್ಟೋ ಕುಟುಂಬಗಳ ಉಳಿತಾಯ ಉಳಿಯುತ್ತಿತ್ತು. ಇದೇ ಜಾತಿಯ ಇನ್ನೊಂದು ಉಪಾಯವು ಹಣವನ್ನು ಬೇಡುವ ಕೋರಿಕೆಯನ್ನು ಕಳುಹಿಸಿ, ಹಣ ಬರುತ್ತಿದೆಯೆಂದು ನಂಬಿಸಿ ಒಪ್ಪಿಗೆ ಪಡೆಯುವುದು. ಯು.ಪಿ.ಐ.ಯನ್ನು ನಡೆಸುವ ರಾಷ್ಟ್ರೀಯ ಪಾವತಿ ನಿಗಮವು ವ್ಯಕ್ತಿಯಿಂದ ವ್ಯಕ್ತಿಗೆ ಹೋಗುತ್ತಿದ್ದ ಇಂಥ ಕೋರಿಕೆಗಳನ್ನು ೨೦೨೫ರ ಅಕ್ಟೋಬರ್ ೧ರಿಂದ ನಿಲ್ಲಿಸಿಬಿಟ್ಟಿತು. ಒಂಬತ್ತು ವರುಷಗಳ ಮೇಲೆ ಬಂದ ಬುದ್ಧಿಯಾದರೂ ಒಳ್ಳೆಯ ಬುದ್ಧಿಯೇ. ಕ್ಯೂ.ಆರ್. ಚಿತ್ರದ ದಾರಿಯಂತೂ ತೆರೆದೇ ಇದೆ.

ಹಣದ ಗುರುತನ್ನೇ ಹಣವೆಂದು ತೋರಿಸುವ ಮೋಸವೂ ಹೊಸ ವೇಷದಲ್ಲಿ ಬಂದಿದೆ. ಹಣ ಸಂದಿತೆಂದು ತೋರಿಸುವ ಪರದೆಯ ಚಿತ್ರವನ್ನು ಯಾರು ಬೇಕಾದರೂ ಸೃಷ್ಟಿಸಬಹುದು. ಬ್ಯಾಂಕಿನ ಸಂದೇಶವನ್ನು ಹೋಲುವ ಸಂದೇಶವನ್ನೂ ಬರೆಯಬಹುದು. ತಪ್ಪಿ ಹೆಚ್ಚು ಕಳುಹಿಸಿದೆ, ಮಿಕ್ಕದ್ದನ್ನು ಹಿಂದಕ್ಕೆ ಕೊಡಿ ಎಂಬ ಅಮೆರಿಕದ ಹಳೆಯ ಕಥೆ ಇಲ್ಲಿಯೂ ನಡೆಯುತ್ತದೆ. ಇದಕ್ಕೆ ಮದ್ದು ಒಂದೇ: ಕೊಂಡವನು ತೋರಿಸುವುದನ್ನು ನೋಡದೆ, ತನ್ನ ಖಾತೆಯ ಲೆಕ್ಕವನ್ನು ತಾನೇ ತೆರೆದು ನೋಡಿ, ಅಲ್ಲಿ ಹಣ ಕಂಡ ಮೇಲೆಯೇ ಸರಕನ್ನು ಕೈಬಿಡುವುದು. ಬೀದಿಯ ಅಂಗಡಿಗಳಲ್ಲಿ ಹಣ ಬಂದೊಡನೆ ಮೊತ್ತವನ್ನು ಗಟ್ಟಿಯಾಗಿ ಹೇಳುವ ಚಿಕ್ಕ ಪೆಟ್ಟಿಗೆಯನ್ನು ಎಲ್ಲರೂ ಕಂಡಿರುವರಷ್ಟೆ. ರೂಪಾಯಿಯನ್ನು ಕಲ್ಲಿಗೆ ಬಡಿದು ನಾದವನ್ನು ಕೇಳುತ್ತಿದ್ದವನ ಮೊಮ್ಮಗನಿಗೆ ನಾದದ ಪರೀಕ್ಷೆ ಮರಳಿ ದೊರೆತಂತಾಯಿತು.

ಮೋಸ ನಡೆದುಹೋದ ಮೇಲೆ ಕಾಲವೇ ಮುಖ್ಯ. ಒಂದು ಖಾತೆಗೆ ಹೋದ ಹಣವು ಗಂಟೆಯೊಳಗೆ ಐದಾರು ಖಾತೆಗಳಿಗೆ ಹರಿದುಹೋಗಬಲ್ಲದು. ಅಷ್ಟರೊಳಗೆ ೧೯೩೦ ಎಂಬ ದೂರವಾಣಿ ಸಂಖ್ಯೆಗೆ ತಿಳಿಸಿದರೆ ಬ್ಯಾಂಕುಗಳು ಅದನ್ನು ದಾರಿಯಲ್ಲಿ ತಡೆಯುವ ಸಂಭವವುಂಟು. ಮಾರ್ಗಮಧ್ಯದಲ್ಲಿ ತಡೆಯುವ ಹಕ್ಕನ್ನು ಕೊಟ್ಟ ಶಾಸನದ ವರುಷವೂ ಈ ಸಂಖ್ಯೆಯೂ ಒಂದೇ ಆದುದು ಬರಿಯ ಕಾಕತಾಳೀಯ. ನೆನಪಿಡುವುದಕ್ಕೆ ಮಾತ್ರ ಅನುಕೂಲ. ರಿಸರ್ವ್ ಬ್ಯಾಂಕು ೨೦೧೭ರ ಜುಲೈ ೬ರ ಸುತ್ತೋಲೆಯಲ್ಲಿ, ಖಾತೆದಾರನ ತಪ್ಪಿಲ್ಲದೆ ಹೊರಗಿನವರು ಹಣವನ್ನು ಕದ್ದಾಗ ಮೂರು ಕೆಲಸದ ದಿವಸಗಳೊಳಗೆ ತಿಳಿಸಿದರೆ ನಷ್ಟ ಅವನದಲ್ಲವೆಂದು ವಿಧಿಸಿತು. ತಾನೇ ಗುಪ್ತಾಂಕವನ್ನು ಹೊರಗೆಡಹಿದವನ ನಷ್ಟ ಮಾತ್ರ, ಅವನು ಬ್ಯಾಂಕಿಗೆ ತಿಳಿಸುವವರೆಗೆ, ಅವನದೇ ಎಂದಿತು. ತನ್ನ ಕೈಯಿಂದಲೇ ಪಿನ್ ಒತ್ತಿದ ಮಾರಾಟಗಾರನಿಗೆ ಈ ಸುತ್ತೋಲೆಯಿಂದ ಹೆಚ್ಚಿನ ಆಸರೆ ದೊರೆಯಲಿಲ್ಲ.

ಕೊನೆಯದಾಗಿ ಇನ್ನೊಂದು ಸಂಕಟವನ್ನು ಹೇಳಬೇಕು. ಇದರಲ್ಲಿ ಹಣ ನಿಜವಾಗಿಯೇ ಬರುತ್ತದೆ, ಖಾತೆಯಲ್ಲಿ ಕಾಣುತ್ತದೆ, ಸರಕೂ ಹೋಗುತ್ತದೆ. ಕೆಲವು ವಾರಗಳ ಮೇಲೆ ಮಾರಿದವನ ಖಾತೆಯನ್ನು ಪೊಲೀಸರ ಸೂಚನೆಯ ಮೇರೆಗೆ ಬ್ಯಾಂಕು ತಡೆಹಿಡಿಯುತ್ತದೆ. ಕೊಂಡವನು ಕೊಟ್ಟುದು ಮತ್ತಾರಿಗೋ ಮೋಸಮಾಡಿ ತೆಗೆದ ಹಣವಾಗಿರುತ್ತದೆ. ಪಡೆದವನಿಗೂ ಸಾವಿರ ಪಣವೆಂದ ಕೌಟಿಲ್ಯನ ಕಾಲಕ್ಕೆ ಹಿಂದಿರುಗಿದಂತೆ ಮಾರಿದವನಿಗೆ ತೋರಿದರೆ ಆಶ್ಚರ್ಯವಿಲ್ಲ. ಅಂಥವನು ತಾನು ನಿಜವಾಗಿ ಸರಕನ್ನು ಮಾರಿದೆನೆಂದು ತನಿಖೆಯ ಅಧಿಕಾರಿಗೆ ತೋರಿಸಿಕೊಡಬೇಕಾಗುತ್ತದೆ. ಹಳೆಯ ಸಾಹುಕಾರನು ಖೋಖಾಗಳನ್ನು ಎಸೆಯದೆ ಕಟ್ಟಿ ಇಡುತ್ತಿದ್ದಂತೆ, ಮಾರಾಟದ ಜಾಹೀರಾತು, ಕೊಂಡವನೊಡನೆ ನಡೆದ ಸಂದೇಶಗಳು, ಅವನ ಹೆಸರು ವಿಳಾಸಗಳು, ಸರಕನ್ನು ಒಪ್ಪಿಸಿದುದಕ್ಕೆ ಪಡೆದ ರುಜು, ಇವುಗಳನ್ನು ಕೆಲವು ತಿಂಗಳಾದರೂ ಜೋಪಾನವಾಗಿಟ್ಟಿದ್ದವರಿಗೆ ಆ ಕೆಲಸ ಸುಲಭವಾಗುತ್ತದೆ. ಮಿಕ್ಕವರು ಠಾಣೆಗೂ ಬ್ಯಾಂಕಿಗೂ ಅಲೆಯುತ್ತಿರುತ್ತಾರೆ.